‘ಬರ್ತೀನಿ’ ಎಂದು ಹೋದವರು

ನ್ಯಾಯಾಧೀಶರು ಕೇಳಿದ್ದು ಸಣ್ಣ ಪ್ರಶ್ನೆ. “ನಿಮ್ಮ ಗಂಡ ಮನೆಯಿಂದ ಹೊರಟಾಗ ಏನು ಹೇಳಿ ಹೋದ್ರಮ್ಮಾ?”

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಬರ್ತೀನಿ ಅಂದ್ರು, ಸ್ವಾಮಿ.”

ಪಕ್ಕದಲ್ಲಿ ನಿಂತಿದ್ದ ನಮ್ಮ ಲಾಯರಮ್ಮ ಕಣ್ಣು ಮುಚ್ಚಿಕೊಂಡರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಾಗ ನಾನು ಮುಚ್ಚಿಕೊಳ್ಳುತ್ತೇನಲ್ಲ, ಹಾಗೆ. ಎದುರು ಕಡೆಯ ವಕೀಲರ ಮುಖ ಮಾತ್ರ ಊರಗಲ ಅರಳಿತು.

“ಅವರೇ ಹೇಳ್ತಿದ್ದಾರೆ ಸ್ವಾಮಿ. ನನ್ನ ಕಕ್ಷಿದಾರರು ಮನೆ ಬಿಟ್ಟು ಹೋಗಿಲ್ಲ. ಕೆಲಸಕ್ಕೆ ಹತ್ತಿರ ಆಗ್ಲಿ ಅಂತ ಸ್ವಲ್ಪ ದಿನ ಹೊರಗಿದ್ದಾರೆ, ಅಷ್ಟೆ. ಬರ್ತೀನಿ ಅಂದಿದ್ದಾರೆ, ಬರ್ತಾರೆ. ಬಂದಾಗ ಅವರ ಮನೆ ಅವರಿಗೆ ಬೇಡ್ವಾ?”

ವಿಚ್ಛೇದನಕ್ಕೆ ಅರ್ಜಿ ಹಾಕಿದ್ದು ನನ್ನ ಗಂಡನೇ. ಅದು ಮುಗಿಯುವುದು ಯಾವ ಕಾಲಕ್ಕೋ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನಾನು ಎಲ್ಲಿರಬೇಕು, ಏನು ತಿನ್ನಬೇಕು? ಆದ್ದರಿಂದ ಲಾಯರಮ್ಮ ನನ್ನ ಪರವಾಗಿ ಎರಡು ಕೇಳಿದ್ದರು. ಒಂದು, ಕೇಸು ಮುಗಿಯುವ ತನಕ ಮಧ್ಯಂತರ ಜೀವನಾಂಶ. ಇನ್ನೊಂದು, ಅದೇ ತನಕ ನಾನು, ಮಗಳು, ಮಾವ ಈಗಿರುವ ಮನೆಯಲ್ಲೇ ಇರುವುದು. ಮೊದಲನೆಯದಕ್ಕೆ ಅವರ ಕಡೆಯವರು ಹೆಚ್ಚು ಎಳೆದಾಡಲಿಲ್ಲ. ತಿಂಗಳ ಖರ್ಚಿಗೆ ಕೊಡುತ್ತೇವೆ, ಬೇರೆ ಕಡೆ ಎರಡು ಕೋಣೆ ಹಿಡಿಯಲು ಬಾಡಿಗೆಯನ್ನೂ ಸೇರಿಸಿ ಕೊಡುತ್ತೇವೆ ಎಂದರು. ಮನೆ ಮಾತ್ರ ಬಿಡುವುದಿಲ್ಲ ಎಂದರು. ಮನೆ ಅವರ ಹೆಸರಿನಲ್ಲಿತ್ತು.

ನ್ಯಾಯಾಧೀಶರು ಮುಂದಿನ ತಾರೀಕು ಕೊಟ್ಟು, “ಅವತ್ತು ಅವರನ್ನೇ ಕರ್ಕೊಂಡು ಬನ್ನಿ, ಕೇಳೋಣ” ಎಂದರು. ಹೊರಗೆ ಬಂದ ಮೇಲೆ ಲಾಯರಮ್ಮ ಕಂಬಕ್ಕೆ ಒರಗಿ ನಿಂತರು.

“ಏನ್ರೀ ನೀವು! ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಬೇಡಿ ಅಂತ ಅಷ್ಟು ಹೇಳಿಕೊಟ್ಟಿದ್ದೆ.”

“ಆಡಿದ್ದೇ ಒಂದು ಮಾತಲ್ವಾ ಮೇಡಂ.”

“ಅದೊಂದೇ ಸಾಕಾಯ್ತು. ಹೊರಟುಹೋದ್ರು ಅನ್ನಬಹುದಿತ್ತು.”

“ಅವರು ಬರ್ತೀನಿ ಅಂದಿದ್ದು ನಿಜ. ಸುಳ್ಳು ಹೇಳ್ಲಾ?”

“ಸುಳ್ಳಲ್ಲರೀ, ಅರ್ಥ! ನೀವು ಮಾತು ಹೇಳಿದ್ರಿ. ಜಡ್ಜು ಕೇಳಿದ್ದು ಅರ್ಥ. ಈಗ ನಾನೂ ನಿಮಗೆ ಬರ್ತೀನಿ ಅಂತಲೇ ಹೇಳಿ ಹೋಗೋದು. ಹಾಗಂತ ನಿಮ್ಮನೆಗೆ ಊಟಕ್ಕೆ ಬಂದುಬಿಡ್ತೀನಾ?”

“ಬನ್ನಿ ಮೇಡಂ, ಯಾರು ಬೇಡ ಅಂದ್ರು?”

ನಗಬಾರದು ಎಂದುಕೊಂಡಿದ್ದವರು ನಕ್ಕುಬಿಟ್ಟರು. ಆಮೇಲೆ ದನಿ ಇಳಿಸಿ ಹೇಳಿದರು. “ನೋಡಿ, ಮುಂದಿನ ಸಲ ನಿಮ್ಮ ಯಜಮಾನ್ರು ಎದ್ದು ನಿಂತು ‘ಹೌದು, ಮನೆಗೆ ವಾಪಸ್ ಬರ್ತೀನಿ’ ಅಂದುಬಿಟ್ರೆ ನಮಗೆ ಕಷ್ಟ. ವಿಚ್ಛೇದನದ ಕೇಸಲ್ಲಿರೋ ಇಬ್ಬರನ್ನ ಒಂದೇ ಸೂರಿನ ಕೆಳಗೆ ಇಡಲ್ಲ. ನಿಮ್ಮ ಕೈಗೆ ಬಾಡಿಗೆ ಕೊಡಿಸಿ, ಬೇರೆ ಮನೆ ನೋಡ್ಕೊಳ್ಳಿ ಅಂತಾರೆ. ಗೊತ್ತಾಯ್ತಾ? ಸರಿ, ಬರ್ತೀನಿ.”

ಹೇಳಿದವರೂ ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತರು, ಕೇಳಿದ ನಾನೂ ನಿಂತೆ. “ಕರ್ಮ!” ಎನ್ನುತ್ತ ಇಳಿದುಹೋದರು.

ನನ್ನ ಕೆಲಸ ಬೆತ್ತದ ಕುರ್ಚಿ ಹೆಣೆಯುವುದು. ಕುಳಿತು ಕುಳಿತು ಹರಿದುಹೋದ ಕುರ್ಚಿ, ಸೋಫಾ, ತೊಟ್ಟಿಲು ಎಲ್ಲ ನಮ್ಮ ಮನೆಯ ಮುಂದಿನ ಕೋಣೆಗೆ ಬರುತ್ತವೆ. ಕೋಣೆಯ ಬಾಗಿಲು ನೇರವಾಗಿ ಬೀದಿಗೆ ತೆರೆಯುತ್ತದೆ, ಮೆಟ್ಟಿಲಿಲ್ಲ. ಹಿತ್ತಲಿನಲ್ಲಿ ಸಿಮೆಂಟಿನ ಉದ್ದ ತೊಟ್ಟಿಯಿದೆ, ಬೆತ್ತದ ಎಳೆಗಳನ್ನು ನೆನೆಸುವುದಕ್ಕೆ. ಅದನ್ನು ಕಟ್ಟಿಸಿಕೊಟ್ಟವರು ಮಾವ, ನಾನು ಮದುವೆಯಾಗಿ ಬಂದ ಮರುವರ್ಷ. “ಬಟ್ಟೆ ನೆನೆಸೋ ಬಕೆಟ್ಟಲ್ಲಿ ಬೆತ್ತ, ಬೆತ್ತ ನೆನೆಸೋ ಬಕೆಟ್ಟಲ್ಲಿ ಬಟ್ಟೆ. ನನ್ನ ಅಂಗಿ ಹಾಕ್ಕೊಂಡ್ರೆ ಕುರ್ಚಿ ವಾಸನೆ” ಎಂದು ಗೊಣಗಿ ಮೇಸ್ತ್ರಿಯನ್ನು ಕರೆಸಿದ್ದರು. ಅವರು ಕೊಡುವ ಬಾಡಿಗೆಗೆ ಸಿಗುವ ಮಹಡಿಯ ಮೇಲಿನ ಎರಡು ಕೋಣೆಗೆ ನಾನು ಈ ತೊಟ್ಟಿಯನ್ನು ಹೊತ್ತೊಯ್ಯಲಾರೆ. ಸೋಫಾ ಹೊತ್ತುಕೊಂಡು ಮೆಟ್ಟಿಲು ಹತ್ತುವ ಗಿರಾಕಿಯೂ ಸಿಗಲಾರ. ಈ ಮನೆ ಹೋದರೆ ತಲೆಯ ಮೇಲಿನ ಸೂರಿನ ಜೊತೆ ಕೈಯೊಳಗಿನ ಕೆಲಸವೂ ಹೋದ ಹಾಗೆ. ಆಮೇಲೆ ತಿಂಗಳು ತಿಂಗಳು ಅವರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಂದು ಮನೆಗೆ ಬಂದಾಗ ಮಾವ ತಮ್ಮ ಕುರ್ಚಿಯಲ್ಲಿ ಕಾಯುತ್ತಿದ್ದರು.

“ಏನಾಯ್ತಮ್ಮಾ?”

“ಬರ್ತೀನಿ ಅಂದಿದ್ದೇ ಎಡವಟ್ಟಾಯ್ತು ಮಾವ.”

“ಆಂ?”

“ಏನಿಲ್ಲ, ಚಹಾ ಮಾಡ್ತೀನಿ.”

ಮಾವನದು ಜಾಣಕಿವುಡು. ಔಷಧಿ ಕುಡಿಯಿರಿ ಎಂದರೆ ಕೇಳುವುದಿಲ್ಲ, ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದರೆ ಕೇಳುತ್ತದೆ. ಚಹಾ ತಂದುಕೊಟ್ಟಾಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ನಾನು ಕಲಿಸಿದ ಮಾತು ನನ್ನ ಮನೆಗೇ ಉರುಳಾಯ್ತೇನಮ್ಮಾ” ಎಂದರು.

ಕಲಿಸಿದವರು ಅವರೇ, ನಿಜ. ಆ ಹೊಸ್ತಿಲು ದಾಟುವವರು ಯಾರೇ ಆಗಲಿ, ‘ಹೋಗ್ತೀನಿ’ ಎಂದು ಹೇಳಿ ಹೊರಡುವಂತಿರಲಿಲ್ಲ. ನಾನು ಹೊಸದಾಗಿ ಬಂದಾಗ “ಅಂಗಡಿಗೆ ಹೋಗ್ತೀನಿ ಮಾವ” ಎಂದು ಬೀದಿಗೆ ಇಳಿದಿದ್ದೆ. ವಾಪಸ್ಸು ಕರೆದು ಕೂರಿಸಿದರು. “ಹೋಗಿ ಬರ್ತೀನಿ ಅನ್ನು, ಇಲ್ಲ ಬರ್ತೀನಿ ಅನ್ನು. ‘ಹೋಗೋದು’ ಅನ್ನೋದು ಒಂದೇ ಸಲ. ಅದನ್ನ ನಾವು ಹೇಳಲ್ಲ, ಬೇರೆಯವರು ಹೇಳ್ತಾರೆ, ‘ಹೋಗ್ಬಿಟ್ರು’ ಅಂತ.” ಒಮ್ಮೆ ನಲ್ಲಿ ರಿಪೇರಿಯವನು ಕೂಲಿಯ ವಿಷಯಕ್ಕೆ ಜಗಳವಾಡಿ, “ಇನ್ನು ಈ ಮನೆ ಕಡೆ ತಲೆ ಹಾಕಿ ಮಲಗಲ್ಲ, ಹೋಗ್ತೀನಿ” ಎಂದು ಸಾಮಾನಿನ ಚೀಲ ಎತ್ತಿಕೊಂಡ. ಮಾವ ಅವನ ಕೈಹಿಡಿದು ಕೂರಿಸಿ, ನೀರು ಕುಡಿಸಿ, ಬಾಯಿಂದ ‘ಬರ್ತೀನಿ’ ಹೊರಡಿಸಿಯೇ ಬಿಟ್ಟರು. ಬಂದ ಕೂಡ. ಆ ನಲ್ಲಿ ಮತ್ತೆ ಸೋರಿತು.

ಹೊರಡುವವರು ‘ಬರ್ತೀನಿ’ ಎನ್ನಬೇಕು, ಒಳಗಿರುವವರು ಉತ್ತರ ಕೊಡಬೇಕು. ಮಾವನ ಉತ್ತರ “ಹ್ಞೂಂ, ಬಾ.” ನನ್ನದು “ಬೇಗ ಬನ್ನಿ.” ಬೆಳಿಗ್ಗೆ ನನ್ನ ಗಂಡ ಕೆಲಸಕ್ಕೆ ಹೊರಟಾಗ ಕೈ ತೊಟ್ಟಿಯಲ್ಲಿದ್ದರೂ, ಬಾಯಲ್ಲಿ ಪಿನ್ನು ಇದ್ದರೂ, ಅಷ್ಟು ಹೇಳಿಯೇ ಹೇಳುತ್ತಿದ್ದೆ.

ಇವರ ಕೆಲಸ ಲಿಫ್ಟ್ ರಿಪೇರಿ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟುಗಳು ಕೆಟ್ಟರೆ ಫೋನು ಬರುವುದು ಇವರಿಗೆ. ನಾವಿಬ್ಬರೂ ಜಗಳವಾಡಿ ಬೇರೆಯಾದವರಲ್ಲ. ಜಗಳಕ್ಕೂ ಒಂದಿಷ್ಟು ಮಾತು ಬೇಕು, ಕೊನೆ ಕೊನೆಗೆ ಅಷ್ಟೂ ಉಳಿದಿರಲಿಲ್ಲ. ಊಟಕ್ಕೆ ಕೂತರೆ ಚಮಚದ ಸದ್ದು. ಒಂದು ದಿನ, “ನನಗಿಲ್ಲಿ ಉಸಿರು ಕಟ್ಟುತ್ತೆ” ಎಂದರು. ಎರಡು ಪೆಟ್ಟಿಗೆ ತುಂಬಿಕೊಂಡರು. ನಾನು ಒಂದು ಊಟದ ಮೇಜಿನ ಕುರ್ಚಿಯ ಮುಂದೆ ಕೂತು ಅಡ್ಡ ಎಳೆ ಹಾಕುತ್ತಿದ್ದೆ, ಎಳೆ ಒದ್ದೆಯಿತ್ತು, ಬಿಟ್ಟೇಳುವಂತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಇವರು “ಬರ್ತೀನಿ” ಎಂದರು. ನಾನು ತಲೆಯೆತ್ತದೆ “ಬೇಗ ಬನ್ನಿ” ಎಂದೆ.

ಅದನ್ನು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಅದನ್ನೂ ಹೇಳಿಬಿಡುತ್ತಿದ್ದೆನೋ ಏನೋ.

“ಊರಿಗೆಲ್ಲ ಮೇಲೆ ಕೆಳಗೆ ಓಡಾಡೋಕೆ ದಾರಿ ಮಾಡಿಕೊಡ್ತಾನೆ,” ಮಾವ ಚಹಾ ಮುಗಿಸಿ ಹೇಳಿದರು, “ತಾನು ಮಾತ್ರ ನಡುಮಹಡಿಯಲ್ಲಿ ಸಿಕ್ಕಿಹಾಕ್ಕೊಂಡು ಕೂತಿದ್ದಾನೆ.”

ಅಷ್ಟರಲ್ಲಿ ಶಾಲೆಯಿಂದ ಬಂದ ಮಗಳು ಚೀಲವನ್ನು ನೆಲಕ್ಕೆ ಬಿಟ್ಟಳು. ಅವಳನ್ನು ನಾವು ಗುಬ್ಬಿ ಎಂದು ಕರೆಯುತ್ತೇವೆ. ಒಂದು ಕಡೆ ಕೂರುವವಳಲ್ಲ, ಸುಮ್ಮನಿರುವವಳಂತೂ ಅಲ್ಲ.

“ಅಮ್ಮಾ, ಮಧ್ಯಂತರ ಸಿಕ್ತಾ?”

“ಇನ್ನೂ ಇಲ್ಲ ಪುಟ್ಟಾ.”

“ಮಧ್ಯಂತರ ಅಂದ್ರೆ ಇಂಟರ್ವಲ್ ಅಲ್ವಾ? ಸಿನಿಮಾದಲ್ಲಿ ಬರುತ್ತಲ್ಲ. ಅಂದ್ರೆ ಇನ್ನರ್ಧ ಬಾಕಿ ಇದೆ.”

“ಹೌದು ಕಣೆ,” ತಾತ ಅಂದರು, “ಈ ಸಿನಿಮಾದಲ್ಲಿ ಎಲ್ಲರೂ ಇಂಟರ್ವಲ್‌ಗೇ ಸುಸ್ತು.”

ಅವಳಿಗೆ ನಾನು ಕೋರ್ಟಿನಲ್ಲಿ ನಡೆದದ್ದನ್ನು ಸರಳವಾಗಿ ಹೇಳಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಅವಳು ಕೇಳಿ ಕೇಳಿ ತೆಗೆಯುತ್ತಾಳೆ. ಅಪ್ಪ ‘ಬರ್ತೀನಿ’ ಅಂದಿದ್ದು ನಿಜಕ್ಕೂ ಬರುತ್ತೀನಿ ಅಂತಲೋ, ಸುಮ್ಮನೆ ಅಂದಿದ್ದೋ ಎಂಬುದು ಗೊತ್ತಾಗಬೇಕಂತೆ, ಎಂದೆ. ಅವಳು ಚೀಲ ಎತ್ತಿಕೊಂಡು, ‘ಬರ್ತೀನಿ, ಬರ್ತೀನಿ’ ಎಂದು ಗೊಣಗುತ್ತ ಒಳಗೆ ಹೋದಳು.

ಭಾನುವಾರ ಇವರು ಬಂದರು. ವಾರಕ್ಕೊಮ್ಮೆ ಮಗಳನ್ನು ನೋಡಲು ಬರುತ್ತಿದ್ದರು. ಜೇಬಿನಲ್ಲಿ ಬೀಗದಕೈ ಇದ್ದರೂ ಬೆಲ್ ಒತ್ತಿದರು. ಒಳಗೆ ಬಂದು ಅತ್ತಿತ್ತ ನೋಡಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಲು ಬಗ್ಗಿದರು.

“ಅಪ್ಪಾ, ತಳ ಇಲ್ಲ!” ಗುಬ್ಬಿ ಕಿರುಚಿದಳು.

ಹಿಂದೆಲ್ಲ ಇವರು ಕಣ್ಣು ಮುಚ್ಚಿಕೊಂಡು ಆ ಕೋಣೆಯಲ್ಲಿ ಓಡಾಡುತ್ತಿದ್ದರು. ಯಾವ ಕುರ್ಚಿಗೆ ತಳವಿದೆ, ಯಾವುದು ಬರೀ ಚೌಕಟ್ಟು ಎಂದು ನೋಡದೆಯೇ ತಿಳಿಯುತ್ತಿತ್ತು. ಈಗ ಚೌಕಟ್ಟನ್ನು ಹಿಡಿದುಕೊಂಡು ಸಾವರಿಸಿ ನಿಂತರು. ನಾನು ಒಳಗಿನಿಂದ ಸ್ಟೂಲು ತಂದು ಕೊಟ್ಟೆ.

ಮಾವ “ಊಟ ಆಯ್ತಾ?” ಎಂದರು. ಇವರು “ಆಯ್ತು” ಎಂದರು. ಮಾವ “ಆಂ?” ಎಂದರು. ಇವರು ಬೀದಿಗೆಲ್ಲ ಕೇಳುವಂತೆ “ಆಯ್ತಪ್ಪಾ!” ಎಂದರು. ಅಪ್ಪ ಮಗನ ಮಾತು ಅಲ್ಲಿಗೆ ಮುಗಿಯಿತು. ಗುಬ್ಬಿ ತನ್ನ ಚಿತ್ರದ ಹಾಳೆಗಳನ್ನು ತರಲು ಒಳಗೆ ಓಡಿದಾಗ ಇವರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

“ಮನೆ ವಿಷಯ… ಅದು ಲಾಯರು ಹೇಳಿದ್ದು. ನಾನಾಗಿ ಅಂದಿದ್ದಲ್ಲ.”

“ಸಹಿ ನಿಮ್ಮದೇ ಅಲ್ವಾ?”

“ಹಿಡಿತ ಬಿಡಬೇಡಿ ಅಂದ್ರು. ಒಮ್ಮೆ ಬಿಟ್ರೆ ಬಿಟ್ಟ ಹಾಗೇ ಅಂದ್ರು. ಅದೂ ಅಲ್ದೆ ನಾನೀಗಿರೋ ಆ ರೂಮು… ಕಿಟಕಿ ತೆಗೆದ್ರೆ ಎದುರು ಗೋಡೆ. ಉಸಿರು ಕಟ್ಟುತ್ತೆ ಕಣೇ.”

“ಇಲ್ಲೂ ಹಾಗೇ ಅಂದಿದ್ರಿ.”

ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಇವರು ತಲೆ ತಗ್ಗಿಸಿದರು. ನನಗೆ ಕನಿಕರವಾಯಿತು. ಕನಿಕರ ಬಂದದ್ದಕ್ಕೆ ನನ್ನ ಮೇಲೆಯೇ ಸಿಟ್ಟೂ ಬಂತು. ಎದ್ದು ಹಿತ್ತಲಿಗೆ ಹೋಗಿ ತೊಟ್ಟಿಯಲ್ಲಿದ್ದ ಎಳೆಗಳನ್ನು ಸುಮ್ಮನೆ ಒಮ್ಮೆ ತಿರುವಿಹಾಕಿ ಬಂದೆ.

ಹೊರಡುವಾಗ ಇವರು ಬಾಗಿಲಲ್ಲಿ ಬಗ್ಗಿ ಶೂ ಹಾಕಿಕೊಳ್ಳುತ್ತಿದ್ದರು. ಒಂದು ಹಾಕಿ ಆಗಿತ್ತು.

“ಬರ್ತೀನಿ ಪುಟ್ಟಾ.”

“ಯಾವಾಗ?” ಎಂದಳು ಗುಬ್ಬಿ.

ಆ ಮನೆಯಲ್ಲಿ ಅಷ್ಟು ವರ್ಷದಲ್ಲಿ ಅಷ್ಟು ಜನ ‘ಬರ್ತೀನಿ’ ಎಂದು ಹೋಗಿದ್ದಾರೆ. ಯಾವಾಗ ಎಂದು ಯಾರೂ ಕೇಳಿರಲಿಲ್ಲ. ಕೇಳುವ ಮಾತಲ್ಲ ಅದು.

“ಅಂದ್ರೆ?”

“ಬರ್ತೀನಿ ಅಂದ್ಯಲ್ಲಪ್ಪಾ, ಯಾವಾಗ? ಮತ್ತೆ, ಇರೋಕೆ ಬರ್ತೀಯಾ, ನೋಡೋಕೆ ಬರ್ತೀಯಾ?”

ಇವರು ಎರಡನೆಯ ಶೂ ಹಾಕಿಕೊಳ್ಳತೊಡಗಿದರು. ಲೇಸು ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ಆಮೇಲೆ ಎದ್ದು ಅವಳ ತಲೆಯ ಮೇಲೆ ಕೈಯಿಟ್ಟು ನಡೆದುಬಿಟ್ಟರು. ಅವಳನ್ನು ಗದರಬೇಕೆಂದುಕೊಂಡೆ. ಆದರೆ ಅವಳು ತಪ್ಪೇನು ಕೇಳಿದ್ದಳು?

ಮುಂದಿನ ತಾರೀಕಿಗೆ ಹೋಗುವಾಗ ಮಾವನನ್ನೂ ಕರೆದೆ. “ನನಗೆ ಕಿವಿ ಕೇಳಲ್ಲ, ಅಲ್ಲಿ ಬಂದು ಏನು ಮಾಡ್ಲಿ” ಎಂದರು. ನಾನು ಹೊಸ್ತಿಲಲ್ಲಿ ಪಿಸುಮಾತಿನಂತೆ “ಬರ್ತೀನಿ ಮಾವ” ಎಂದೆ. ಒಳಕೋಣೆಯಿಂದ “ಹ್ಞೂಂ, ಬಾ” ಎಂದು ಕೇಳಿತು.

ಇವರು ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು, ಇಸ್ತ್ರಿಯಿರಲಿಲ್ಲ. ಬೆರಳಿನ ಗೆಣ್ಣುಗಳಲ್ಲಿ ಎಂದಿನ ಗ್ರೀಸಿನ ಕಪ್ಪು. ನ್ಯಾಯಾಧೀಶರು ನೇರವಾಗಿ ಕೇಳಿದರು. “ನೀವು ಆ ಮನೆಗೆ ವಾಪಸ್ ಹೋಗಿ ಇರ್ತೀರಾ?”

“ನನ್ನ ಕಕ್ಷಿದಾರರ ಉದ್ದೇಶ ಸ್ಪಷ್ಟವಾಗಿದೆ ಸ್ವಾಮಿ—” ವಕೀಲರು ಎದ್ದರು.

“ನೀವು ಕೂತ್ಕೊಳ್ಳಿ. ಮನೆಗೆ ಹೋಗೋದು ನೀವಲ್ವಲ್ಲ.”

ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದೆ. ಒಂದು ಸುಳ್ಳು ಸಾಕಿತ್ತು ಇವರಿಗೆ. ಸುಳ್ಳೂ ಅಲ್ಲ, ಆಗಲೇ ನಾನೇ ಹೇಳಿಕೊಟ್ಟ ಮಾತು ಅದು. ಇವರು ‘ಹೌದು’ ಎಂದರೆ ಮುಂದಿನ ಕೋಣೆ, ತೊಟ್ಟಿ, ಮಾವನ ಕುರ್ಚಿ, ಗುಬ್ಬಿಯ ಎತ್ತರ ಗುರುತು ಹಾಕಿದ ಬಾಗಿಲ ಚೌಕಟ್ಟು ಎಲ್ಲ ನನ್ನ ಕೈಬಿಟ್ಟಂತೆ.

“ಇಲ್ಲ ಸ್ವಾಮಿ,” ಎಂದರು.

“ಏನು ಇಲ್ಲ?”

“ಇರೋಕೆ ಬರಲ್ಲ.” ಗ್ರೀಸಿನ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡರು. “ನೋಡೋಕೆ ಬರ್ತೀನಿ. ಮಗಳನ್ನ, ಅಪ್ಪನ್ನ.”

“ಮತ್ತೆ ಅವತ್ತು ಬರ್ತೀನಿ ಅಂದಿದ್ದು?”

“ನಮ್ಮನೇಲಿ ಹಾಗೇ ಹೇಳೋದು ಸ್ವಾಮಿ. ಹೋಗೋರೆಲ್ಲ ಹಾಗೇ ಹೇಳೋದು.”

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಮ್ಮನೇಲೂ ಅಷ್ಟೆ” ಎಂದರು. ಎದುರು ವಕೀಲರು ತಮ್ಮ ಕಡತದೊಳಗೆ ಮುಖ ಹುದುಗಿಸಿಕೊಂಡರು.

ಕೇಸು ಮುಗಿಯುವ ತನಕ ನಾವು ಮೂವರು ಅದೇ ಮನೆಯಲ್ಲಿರಬಹುದು, ಅಲ್ಲಿಯವರೆಗೆ ಮನೆಯನ್ನು ಮಾರುವಂತಿಲ್ಲ, ತಿಂಗಳು ತಿಂಗಳು ಖರ್ಚಿಗೆ ಇವರು ಕೊಡಬೇಕು ಎಂದು ಆದೇಶವಾಯಿತು. “ಇದು ಮಧ್ಯಂತರ ಆದೇಶ ಅಷ್ಟೇ ಅಮ್ಮಾ, ಮನೆ ನಿಮ್ಮದಾಯ್ತು ಅಂತ ಅಲ್ಲ” ಎಂದು ನ್ಯಾಯಾಧೀಶರು ನನಗೆ ಬಿಡಿಸಿ ಹೇಳಿದರು. ನಾನು ತಲೆಯಾಡಿಸಿದೆ. ಲಾಯರಮ್ಮ ನನ್ನ ಭುಜ ಹಿಡಿದು ಅಲುಗಾಡಿಸಿ, “ಗೆದ್ವಿ ಕಣ್ರೀ! ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀರಿ?” ಎಂದರು.

ಯಾಕೆಂದು ನನಗೆ ಬಸ್ಸಿನಲ್ಲಿ ತಿಳಿಯಿತು. ಸ್ನಾನದ ಮನೆಯಲ್ಲಿ ಇವರ ಟವೆಲು ಇನ್ನೂ ಗೂಟದಲ್ಲಿತ್ತು. ವಾರಕ್ಕೊಮ್ಮೆ ಒಗೆದು ಮತ್ತೆ ಅಲ್ಲೇ ಹಾಕುತ್ತಿದ್ದೆ. ಯಾರಾದರೂ ಕೇಳಿದರೆ ‘ಅಭ್ಯಾಸ’ ಎನ್ನುತ್ತಿದ್ದೆ, ಯಾರೂ ಕೇಳಿರಲಿಲ್ಲ. ಲಾಯರಮ್ಮ ಹೇಳಿದ್ದು ಸರಿ. ಎಲ್ಲರೂ ಅರ್ಥ ಹಿಡಿದುಕೊಂಡಿದ್ದರು, ನಾನೊಬ್ಬಳು ಮಾತು ಹಿಡಿದುಕೊಂಡು ಕೂತಿದ್ದೆ. ಅವತ್ತು ಅಷ್ಟು ಸಲೀಸಾಗಿ ‘ಬರ್ತೀನಿ ಅಂದ್ರು’ ಎಂದು ಬಾಯಿಗೆ ಬಂದದ್ದು ಬರೀ ಸತ್ಯ ಹೇಳುವ ಹಟದಿಂದಲೇ ಇರಲಿಕ್ಕಿಲ್ಲ.

ಮನೆಗೆ ಬಂದವಳು ಟವೆಲನ್ನು ಒಗೆದೆ. ಒಣಗಿದ ಮೇಲೆ ಮಡಿಸಿ ಇವರ ಉಳಿದ ಸಾಮಾನಿನ ಪೆಟ್ಟಿಗೆಯಲ್ಲಿಟ್ಟೆ.

ಆ ಭಾನುವಾರ ಇವರು ಪೆಟ್ಟಿಗೆ ಒಯ್ಯಲು ಬಂದರು. ಸ್ಪ್ಯಾನರುಗಳು, ಹಳೆಯ ಬೂಟು, ಸ್ವೆಟರು, ಮೇಲೆ ಟವೆಲು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಸ್ತಿಲಲ್ಲಿ ನಿಂತರು. ಬೀಗದಕೈಯನ್ನು ಆಗಲೇ ಮೊಳೆಗೆ ನೇತುಹಾಕಿದ್ದರು. ನನ್ನನ್ನು ನೋಡಿದರು, ಗುಬ್ಬಿಯನ್ನು ನೋಡಿದರು. ಅವಳ ಬಾಯಿ ಆಗಲೇ ತೆರೆದಿತ್ತು. ಇವರು ಯೋಚಿಸಿ, ಸುಳ್ಳಾಗಬಾರದೆಂದು ಜಾಗರೂಕತೆಯಿಂದ ಹೇಳಿದರು.

“ಸರಿ, ಹೋಗ್ತೀನಿ.”

ಮೂವರೂ ನಿಂತಲ್ಲೇ ನಿಂತೆವು.

“ಯಾವನೋ ಅವನು ‘ಹೋಗ್ತೀನಿ’ ಅಂದವನು?” ಒಳಕೋಣೆಯಿಂದ ಮಾವನ ಗುಡುಗು ಬಂತು. ಅವರ ಬಾಗಿಲು ಮುಚ್ಚಿತ್ತು, ಫ್ಯಾನು ಓಡುತ್ತಿತ್ತು.

ನನಗೆ ನಗು ತಡೆಯಲಿಲ್ಲ. ಇವರಿಗೂ ಅಷ್ಟೆ. ನಗುವಿಗೆ ಪೆಟ್ಟಿಗೆಯೊಳಗಿನ ಸ್ಪ್ಯಾನರುಗಳು ಗಲಗಲ ಎಂದವು.

“ನಾನೇ ಅಪ್ಪಾ!”

“ನೀನೇ ಆದ್ರೇನು? ಒಳಗೆ ಬಾ. ನೀರು ಕುಡಿ. ಆಮೇಲೆ ಸರಿಯಾಗಿ ಹೇಳಿ ಹೊರಡು.”

ಪೆಟ್ಟಿಗೆ ಇಳಿಸಿ ಒಳಗೆ ಬಂದರು. ಗುಬ್ಬಿ ಒಂದು ಕುರ್ಚಿ ಎಳೆದು ಕೊಟ್ಟು, “ಕೂತ್ಕೋ, ಇದಕ್ಕೆ ತಳ ಇದೆ” ಎಂದಳು. ಆ ಕುರ್ಚಿಯನ್ನು ನಾನು ಹಿಂದಿನ ದಿನವಷ್ಟೇ ಮುಗಿಸಿದ್ದೆ. ಒದ್ದೆಯಿದ್ದಾಗ ಬೆತ್ತವನ್ನು ಸ್ವಲ್ಪ ಸಡಿಲವಾಗಿಯೇ ಹೆಣೆಯಬೇಕು, ಒಣಗುತ್ತ ತಾನಾಗಿ ಬಿಗಿಯಾಗುತ್ತದೆ. ಒಣಗಿದೆಯೋ ಇಲ್ಲವೋ ಎಂದು ಇವರು ಕೂರುವ ಮೊದಲು ಬೆರಳಿನಿಂದ ತಟ್ಟಿ ನೋಡಿದರು. ಅದು ಮರೆತಿರಲಿಲ್ಲ. ನಾನು ತಂದ ನೀರನ್ನು ಒಂದೇ ಗುಟುಕಿಗೆ ಕುಡಿದು ಲೋಟವನ್ನು ನನ್ನ ಕೈಗೇ ಕೊಟ್ಟರು.

ಮತ್ತೆ ಹೊಸ್ತಿಲು. ಮತ್ತೆ ಪೆಟ್ಟಿಗೆ.

“ಬರ್ತೀನಿ,” ಎಂದು, ಗುಬ್ಬಿ ತುಟಿ ಬಿಚ್ಚುವ ಮೊದಲೇ ಸೇರಿಸಿದರು, “ಮುಂದಿನ ಭಾನುವಾರ. ನೋಡೋಕೆ.”

ಅವಳು ಅದನ್ನು ಒಂದು ಗಳಿಗೆ ತೂಗಿ ನೋಡಿದಳು. “ಹ್ಞೂಂ, ಬಾ” ಎಂದಳು, ತಾತನ ಹಾಗೆಯೇ.

ಆಮೇಲೆ ಇವರು ನನ್ನ ಕಡೆ ನೋಡುತ್ತ ನಿಂತರು. ನನ್ನ ಪಾಲಿನ ಉತ್ತರ ಇನ್ನೂ ಬಾಕಿಯಿತ್ತು. ಹಳೆಯ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದರ ಅರ್ಧವನ್ನು ಅಲ್ಲೇ ಬಿಟ್ಟು, ಉಳಿದರ್ಧ ಹೇಳಿದೆ.

“ಬನ್ನಿ.”

ಇವರು ತಲೆಯಾಡಿಸಿ ಬೀದಿಗಿಳಿದರು. ನಾನು ಲೋಟ ತೊಳೆದಿಟ್ಟು ಹಿತ್ತಲಿಗೆ ಹೋದೆ. ತೊಟ್ಟಿಯಲ್ಲಿ ಎಳೆಗಳು ನೆನೆದು ಹದವಾಗಿದ್ದವು, ಇನ್ನು ಕಾಯುತ್ತ ಕೂರುವಂತಿರಲಿಲ್ಲ.